ಗೇಟ್ ಹತ್ರ ಏನಾಯ್ತು? ಹಿಪ್‌ಹಾಪ್ ಶೋಗಳ 50 ವರ್ಷದ ಕಥೆ

1/
ಹೋದ ವಾರ ಸ್ಟೋರಿಯಲ್ಲಿ ಕೇಳಿದ್ದೆ, ರ್‍ಯಾಪ್ ಕಾನ್ಸರ್ಟ್‌ಗೆ ಹೋಗ್ತೀರಾ, ಹೋಗಲ್ಲ ಅಂದ್ರೆ ಯಾಕೆ ಅಂತ. ಬಂದ ಉತ್ತರಗಳು ಹೆಚ್ಚುಕಮ್ಮಿ ಮೂರೇ ತರ. ಟಿಕೆಟ್ ರೇಟ್ ನೋಡಿದ್ರೆ ತಲೆ ತಿರುಗುತ್ತೆ. ಸ್ಟೇಜ್ ಮೇಲೆ ಯಾರೂ ಪೂರ್ತಿ ಹಾಡಲ್ಲ, ರೆಕಾರ್ಡ್ ಹಾಕ್ಕೊಂಡು ಅದರ ಮೇಲೆ ಕೂಗ್ತಾರೆ. ಮೂರನೇದು: "ಆ ಕ್ರೌಡ್ ಸರಿ ಇಲ್ಲ, ಮನೇಲಿ ಬಿಡಲ್ಲ."

ಮೊದಲ ಎರಡರ ಬಗ್ಗೆ ಗಂಟೆಗಟ್ಟಲೆ ಜಗಳ ಆಡಬಹುದು. ಆದ್ರೆ ಮೂರನೇ ಮಾತು ಇದೆಯಲ್ಲ, ಅದು ನಮ್ಮ ಮನೆಯವರು ಕಂಡುಹಿಡಿದದ್ದಲ್ಲ. ಅದಕ್ಕೆ ಹುಟ್ಟಿದ ಊರಿದೆ, ವರ್ಷ ಇದೆ. ಇವತ್ತಿನ ಸರಣಿ ಅದರ ಬಗ್ಗೆ. ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.

2/
ಶುರು ಎಲ್ಲಿಂದ ಅಂತ ನಿಮಗೆ ಗೊತ್ತಿರಬಹುದು. 1973ರ ಆಗಸ್ಟ್ 11. ನ್ಯೂಯಾರ್ಕ್‌ನ ಬ್ರಾಂಕ್ಸ್, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನೋ ಅಪಾರ್ಟ್‌ಮೆಂಟ್. ಡಿಜೆ ಕೂಲ್ ಹರ್ಕ್ ಹೆಸರು ಎಲ್ಲರೂ ಹೇಳ್ತಾರೆ. ಜಮೈಕಾದಿಂದ ಬಂದ ಹುಡುಗ, ಆಗ 18 ವರ್ಷ. ಆದ್ರೆ ಪಾರ್ಟಿ ಅವನದ್ದಲ್ಲ ಮಗಾ, ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್‌ದು. ಶಾಲೆ ಮತ್ತೆ ಶುರುವಾಗೋ ಹೊತ್ತಿಗೆ ಹೊಸ ಬಟ್ಟೆ ತಗೊಳ್ಳೋಕೆ ಅವಳಿಗೆ ದುಡ್ಡು ಬೇಕಿತ್ತು. ಬಿಲ್ಡಿಂಗ್‌ನ ಕೆಳಗಿನ ಹಾಲ್ ಬಾಡಿಗೆಗೆ ಹಿಡಿದಳು, ಸಣ್ಣ ಕಾರ್ಡ್‌ಗಳ ಮೇಲೆ ಕೈಯಲ್ಲೇ ಆಮಂತ್ರಣ ಬರೆದು ಹಂಚಿದರು. ಹುಡುಗೀರಿಗೆ 25 ಸೆಂಟ್, ಹುಡುಗರಿಗೆ 50.

ಅಂದ್ರೆ ಹಿಪ್‌ಹಾಪ್‌ನ ಮೊದಲ ಪ್ರಮೋಟರ್ ಒಬ್ಬಳು ಸ್ಕೂಲ್ ಹುಡುಗಿ. ಹಾಲ್ ಬಾಡಿಗೆ, ಟಿಕೆಟ್, ಪ್ರಚಾರ ಎಲ್ಲಾ ಅವಳ ಲೆಕ್ಕ. ಬಂದವರೆಲ್ಲ ಅಕ್ಕಪಕ್ಕದವರು, ಬಾಗಿಲಲ್ಲಿ ನಿಂತವರಿಗೆ ಒಳಗೆ ಬರೋರ ಮುಖ ಗೊತ್ತು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

(ಆ ಕೈಬರಹದ ಕಾರ್ಡ್‌ಗಳಲ್ಲಿ ಒಂದು 2022ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಸಾವಿರಾರು ಡಾಲರ್‌ಗೆ ಹೋಯ್ತು.)

3/
ಆಮೇಲಿನ ಹತ್ತು ವರ್ಷ ಬೇಗ ಹೇಳ್ತೀನಿ. ಪಾರ್ಕ್‌ಗಳಲ್ಲಿ ಬೀದಿ ದೀಪದ ಕಂಬದಿಂದ ಕರೆಂಟ್ ಎಳೆದು ಫ್ರೀ ಶೋ, ನಂತರ ಕ್ಲಬ್‌ಗಳು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ರೆಕಾರ್ಡ್ ಬಂತು, ಬ್ರಾಂಕ್ಸ್ ಆಚೆಗೂ ರ್‍ಯಾಪ್ ಗೊತ್ತಾಯ್ತು. 1984ರಲ್ಲಿ ಫ್ರೆಶ್ ಫೆಸ್ಟ್ ಅನ್ನೋ ಟೂರ್ ಊರೂರು ತಿರುಗಿತು. ರನ್-ಡಿಎಂಸಿ, ಕರ್ಟಿಸ್ ಬ್ಲೋ, ಹೂಡಿನಿ, ಫ್ಯಾಟ್ ಬಾಯ್ಸ್. ಸ್ಪಾನ್ಸರ್ ಯಾರು ಗೊತ್ತಾ? ಸ್ವಾಚ್ ವಾಚ್ ಕಂಪನಿ. ದೊಡ್ಡ ದೊಡ್ಡ ಅರೀನಾ ತುಂಬಿತು. ರ್‍ಯಾಪ್ ಅಂದ್ರೆ ದುಡ್ಡು ಅಂತ ಗೊತ್ತಾಗಿದ್ದೇ ಆಗ.

4/
1986. ಒಂದೇ ಟೂರ್, ಹೆಸರು ರೈಸಿಂಗ್ ಹೆಲ್. ಒಂದು ತಿಂಗಳ ಒಳಗೆ ಎರಡು ರಾತ್ರಿ.

ಜುಲೈ 19, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ರನ್-ಡಿಎಂಸಿ ಹೇಳಿದ ತಕ್ಷಣ ಸಾವಿರಾರು ಜನ ತಮ್ಮ ಅಡಿಡಾಸ್ ಶೂ ಬಿಚ್ಚಿ ಮೇಲಕ್ಕೆ ಎತ್ತಿದರು. ಅಡಿಡಾಸ್‌ನವರೊಬ್ಬರು ಅಲ್ಲೇ ಇದ್ದರು, ಆಮೇಲೆ ಒಪ್ಪಂದವೂ ಆಯ್ತು. ಇದನ್ನ ಎಲ್ಲಾ ರೀಲ್‌ನಲ್ಲೂ ನೋಡಿರ್ತೀರಾ.

ಆಗಸ್ಟ್ 17, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಅರೀನಾ. ಅಲ್ಲಿನ ಗ್ಯಾಂಗ್‌ಗಳು ಒಳಗೇ ಹೊಡೆದಾಡಿಕೊಂಡವು. ಸುಮಾರು 40 ಜನಕ್ಕೆ ಗಾಯ. ರನ್-ಡಿಎಂಸಿ ಇನ್ನೂ ಸ್ಟೇಜ್ ಹತ್ತಿರಲೇ ಇಲ್ಲ! ಆದ್ರೂ ಮಾರನೇ ದಿನ ದೇಶದ ತುಂಬಾ ಕೇಳಿದ ಪ್ರಶ್ನೆ ಒಂದೇ: ಈ ಮ್ಯೂಸಿಕ್‌ನಿಂದಾನೇ ಹಿಂಗಾಗ್ತಿದ್ಯಾ? ಅದೇ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಕೆಡಿಎವೈ ರೇಡಿಯೋದಲ್ಲಿ ಕೂತು ರನ್-ಡಿಎಂಸಿಯವರು ಗ್ಯಾಂಗ್ ಹುಡುಗರ ಜೊತೆ ಶಾಂತಿಯ ಮಾತಾಡಿದರು. ಅದರ ರೀಲ್ ಯಾರೂ ಮಾಡಲ್ಲ.

5/
ಈಗ ಬೋರಿಂಗ್ ಅನ್ನಿಸೋ ವಿಷಯ. ನನ್ನ ಪ್ರಕಾರ ಇಡೀ ಕಥೆಯ ಕೀಲಿಕೈ ಇಲ್ಲೇ ಇದೆ: ಇನ್ಶೂರೆನ್ಸ್.

ಅರೀನಾ ಬಾಡಿಗೆಗೆ ಬೇಕು ಅಂದ್ರೆ ಪ್ರಮೋಟರ್ ವಿಮೆ ತೋರಿಸಬೇಕು. ಈ ಶೋ ಅಪಾಯದ್ದು ಅಂತ ಕಂಪನಿಗೆ ಅನ್ನಿಸಿದ್ರೆ ಪ್ರೀಮಿಯಂ ಏರುತ್ತೆ, ಇಲ್ಲಾ ಅಂದ್ರೆ ಪಾಲಿಸಿನೇ ಸಿಗಲ್ಲ. ಲಾಂಗ್ ಬೀಚ್ ಆದ್ಮೇಲೆ, ಆಮೇಲೆ 1988ರಲ್ಲಿ ನ್ಯೂಯಾರ್ಕ್ ಹತ್ತಿರದ ನಸಾವ್ ಕಾಲಿಸಿಯಂನಲ್ಲಿ ಒಂದು ಕೊಲೆ ಆದ್ಮೇಲೆ, ಎಷ್ಟೋ ಅರೀನಾಗಳು ರ್‍ಯಾಪ್ ಅಂದ್ರೆ ಬಾಗಿಲು ಹಾಕಿದವು. ಟ್ರಿಶಾ ರೋಸ್ ಅನ್ನೋ ವಿದ್ವಾಂಸೆ 1994ರ ತಮ್ಮ 'ಬ್ಲ್ಯಾಕ್ ನಾಯ್ಸ್' ಪುಸ್ತಕದಲ್ಲಿ ಇದನ್ನೇ ಬಿಡಿಸಿ ತೋರಿಸ್ತಾರೆ. ಇಲ್ಲಿ ಕಾನೂನು ಮಾಡಿ ಯಾರೂ ಬ್ಯಾನ್ ಮಾಡಲಿಲ್ಲ. ವಿಮೆ, ಸೆಕ್ಯೂರಿಟಿ ಖರ್ಚು, ಹಾಲ್ ಮಾಲೀಕರ ಭಯ, ಇಷ್ಟೇ ಸಾಕಾಯ್ತು.

ಆ ಖರ್ಚು ಎಲ್ಲಿ ಬಂದು ಕೂತ್ಕೊಳ್ಳುತ್ತೆ ಹೇಳಿ? ನಿಮ್ಮ ಟಿಕೆಟ್ ಮೇಲೆ. ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್, ಮೈ ತಡಕಾಡೋದು, ಗಂಟೆಗಟ್ಟಲೆ ಕ್ಯೂ. ಫ್ಯಾನ್ ಅಂದ್ರೆ ಗಿರಾಕಿ ಅಲ್ಲ, ಅನುಮಾನ ಪಡಬೇಕಾದ ಆಸಾಮಿ. ಸಿಂಡಿಯ ಪಾರ್ಟಿಗೂ ಇದಕ್ಕೂ ನಡುವೆ ಬರೀ 15 ವರ್ಷ.

6/
1991ರ ಡಿಸೆಂಬರ್ 28. ಇದನ್ನ ನಿಧಾನಕ್ಕೆ ಓದಿ.

ನ್ಯೂಯಾರ್ಕ್‌ನ ಸಿಟಿ ಕಾಲೇಜ್. ಹೆವಿ ಡಿ ಮತ್ತು ಆಗಿನ್ನೂ 22 ವರ್ಷದ ಪಫ್ ಡ್ಯಾಡಿ (ಶಾನ್ ಕೋಂಬ್ಸ್) ಸೇರಿ ರ್‍ಯಾಪ್ ಸ್ಟಾರ್‌ಗಳ ಬಾಸ್ಕೆಟ್‌ಬಾಲ್ ಮ್ಯಾಚ್ ಇಟ್ಟಿದ್ದರು. ಕಾನ್ಸರ್ಟ್ ಅಲ್ಲ, ಆದ್ರೆ ಬಂದವರು ಅದೇ ಫ್ಯಾನ್ಸ್. ಜಿಮ್‌ಗೆ ಹಿಡಿಸೋದು 2,730 ಜನ. ಬಂದಿದ್ದು ಸುಮಾರು 5,000. ಜಿಮ್‌ಗೆ ಹೋಗೋಕೆ ಮೆಟ್ಟಿಲಿಳಿಬೇಕು, ಕೆಳಗೆ ಬಾಗಿಲು. ಬಾಗಿಲುಗಳು ಮೆಟ್ಟಿಲ ಕಡೆಗೇ ತೆರೆಯುವಂಥವು. ಹಿಂದಿನವರಿಗೆ ಮುಂದೆ ಏನಾಗ್ತಿದೆ ಕಾಣಲ್ಲ, ಮುಂದಿನವರಿಗೆ ಬಾಗಿಲು ಎಳೆಯೋಕೆ ಜಾಗ ಇಲ್ಲ. ಒಂಬತ್ತು ಜನ ಸತ್ತರು. ಎಲ್ಲಾ ನಮ್ಮ ವಯಸ್ಸಿನ ಆಸುಪಾಸಿನವರೇ.

ನಮ್ಮ ಪೇಪರ್‌ಗಳಲ್ಲಿ ಇಂಥದ್ದಕ್ಕೆ 'ಕಾಲ್ತುಳಿತ' ಅಂತಾರೆ. ಆ ಪದದ ಮೇಲೇ ನನಗೆ ತಕರಾರಿದೆ. ಯಾರೋ ಯಾರನ್ನೋ ತುಳಿದರು, ಕಾಡುಜನದ ತರ ಓಡಿದರು ಅನ್ನೋ ಚಿತ್ರ ತಲೆಗೆ ಬರುತ್ತೆ. ನಿಜದಲ್ಲಿ ಇಂಥ ಕಡೆ ಹೆಚ್ಚಿನವರು ಸಾಯೋದು ಉಸಿರುಗಟ್ಟಿ, ಎಷ್ಟೋ ಸಲ ನಿಂತಲ್ಲೇ. ಎದೆ ಹಿಗ್ಗೋಕೆ ಜಾಗ ಇರಲ್ಲ ಅಷ್ಟೇ. ಆ ಒತ್ತಡದಲ್ಲಿ ಒಬ್ಬ ಮನುಷ್ಯ ಎಷ್ಟೇ ಸಂಭಾವಿತ ಆಗಿದ್ರೂ ಹಿಂದೆ ಸರಿಯೋಕೆ ಆಗಲ್ಲ.

ಮೊದಲ ದಿನ ಬೈಸಿಕೊಂಡಿದ್ದು "ರ್‍ಯಾಪ್ ಕ್ರೌಡ್". 1999ರಲ್ಲಿ ನ್ಯಾಯಾಧೀಶರು ಬೇರೆಯೇ ಲೆಕ್ಕ ಬರೆದರು: ಅರ್ಧ ಹೊಣೆ ಇಬ್ಬರು ಆಯೋಜಕರದ್ದು, ಇನ್ನರ್ಧ ಕಾಲೇಜಿನದ್ದು. ಏಳು ವರ್ಷಕ್ಕೂ ಹೆಚ್ಚು ಬೇಕಾಯ್ತು ಆ ಮಾತಿಗೆ. ಅಷ್ಟರಲ್ಲಿ ಹಳೇ ಮಾತು ಎಲ್ಲಾ ಕಡೆ ಗಟ್ಟಿಯಾಗಿ ಕೂತಿತ್ತು.

7/
"ರಾಕ್ ಶೋಗಳಲ್ಲಿ ಹಿಂಗೆಲ್ಲಾ ಆಗಲ್ವಾ?" ಆಗುತ್ತೆ. ಆಗಿದೆ. 1979ರ ಡಿಸೆಂಬರ್ 3, ಸಿನ್ಸಿನಾಟಿ, ದಿ ಹೂ ಬ್ಯಾಂಡ್‌ನ ಕಾನ್ಸರ್ಟ್. ಶೋ ಶುರುವಾಗೋ ಮೊದಲೇ ಬಾಗಿಲ ಹತ್ರದ ನೂಕುನುಗ್ಗಲಲ್ಲಿ 11 ಜನ ಸತ್ತರು. ಆಗಲೂ ಫ್ಯಾನ್ಸ್ ಮೇಲೆ ಗೂಬೆ ಕೂರಿಸಿದವರಿದ್ದರು, ಇಲ್ಲ ಅನ್ನಲ್ಲ. ಆದ್ರೆ ಆ ಊರು ಬದಲಾಯಿಸಿದ್ದು ಸೀಟಿನ ನಿಯಮ. 'ಮೊದಲು ಬಂದವನಿಗೆ ಮುಂದಿನ ಜಾಗ' ಅನ್ನೋ ಪದ್ಧತಿಯನ್ನೇ ನಿಲ್ಲಿಸಿದರು. ರಾಕ್ ಅನ್ನೋ ಸಂಗೀತವೇ ಅರೀನಾದಿಂದ ಆಚೆ ಹೋಗಬೇಕಾಗಲಿಲ್ಲ.

8/
ರ್‍ಯಾಪ್ ಮತ್ತೆ ದೊಡ್ಡ ಅರೀನಾಗೆ ಗಟ್ಟಿಯಾಗಿ ಕಾಲಿಟ್ಟಿದ್ದು 1999ರಲ್ಲಿ, ಹಾರ್ಡ್ ನಾಕ್ ಲೈಫ್ ಟೂರ್. ಜೇ-ಜಿ, ಡಿಎಂಎಕ್ಸ್, ಮೆಥಡ್ ಮ್ಯಾನ್, ರೆಡ್‌ಮ್ಯಾನ್. ಇವರ ಹಾಡು ಕೇಳಿದವರಿಗೆ ಗೊತ್ತು, ಭಜನೆ ಅಲ್ಲ ಅದು. ಆದ್ರೂ ಟೂರ್ ಗಲಾಟೆ ಇಲ್ಲದೆ ಮುಗೀತು. ಅದೇ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯ ಗುಂಡಿನ ದಾಳಿ ನಡೀತು. ಇವರು ಡೆನ್ವರ್ ಶೋನ ದುಡ್ಡನ್ನ ಆ ಕುಟುಂಬಗಳಿಗೆ ಕೊಟ್ಟರು. ಟೂರ್ ಬಗ್ಗೆ 'ಬ್ಯಾಕ್‌ಸ್ಟೇಜ್' ಅಂತ ಡಾಕ್ಯುಮೆಂಟರಿ ಇದೆ, ಅಪ್ಪ ಅಮ್ಮನ ಮುಂದೆ ನೋಡ್ಬೇಡಿ.

9/
ಅಷ್ಟರಲ್ಲಿ ವ್ಯಾಪಾರದ ದಿಕ್ಕೇ ತಿರುಗಿತ್ತು. ನ್ಯಾಪ್‌ಸ್ಟರ್ ಬಂತು, ಸಿಡಿ ಮಾರಾಟ ಬಿತ್ತು, ದುಡ್ಡೆಲ್ಲಾ ಲೈವ್ ಕಡೆ ಹರಿಯಿತು. 2008ರಲ್ಲಿ ಲೈವ್ ನೇಷನ್ ಅನ್ನೋ ಕಾನ್ಸರ್ಟ್ ಕಂಪನಿ ಜೇ-ಜಿ ಜೊತೆ ಸುಮಾರು 15 ಕೋಟಿ ಡಾಲರ್ ಒಪ್ಪಂದ ಮಾಡ್ಕೊಂಡಿತು. 2010ರಲ್ಲಿ ಅದು ಟಿಕೆಟ್‌ಮಾಸ್ಟರ್ ಜೊತೆ ಒಂದಾಯ್ತು. ಶೋ ಮಾಡೋರು, ಟಿಕೆಟ್ ಮಾರೋರು, ಎಷ್ಟೋ ಕಡೆ ಜಾಗ ನಡೆಸೋರು, ಎಲ್ಲಾ ಒಂದೇ ಮನೆ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಇದು ಏಕಸ್ವಾಮ್ಯ ಅಂತ ಕೋರ್ಟ್‌ಗೆ ಹೋಯ್ತು.

ನಡುವೆ ನನಗೆ ಇಷ್ಟವಾದ ಒಂದು ಘಟನೆ. 2016, ಶಿಕಾಗೋ. ಚಾನ್ಸ್ ದ ರ್‍ಯಾಪರ್ ತನ್ನ ಊರಲ್ಲೇ ಫೆಸ್ಟಿವಲ್ ಇಟ್ಟ. ಟಿಕೆಟ್‌ಗಳು ಬ್ಲ್ಯಾಕ್‌ನಲ್ಲಿ ಮಾರೋರ ಕೈ ಸೇರಿದವು. ಅವನೇ ಸುಮಾರು 2,000 ಟಿಕೆಟ್ ಅವರಿಂದ ವಾಪಸ್ ಕೊಂಡು ಫ್ಯಾನ್ಸ್‌ಗೆ ಮಾರಿದ. ಹಳೇ ಥಿಯೇಟರ್‌ಗಳ ಮುಂದೆ "ಬಾಲ್ಕನಿ, ಬಾಲ್ಕನಿ" ಅಂತ ಪಿಸುಗುಡುತ್ತಿದ್ದವರ ಕಥೆ ನಮ್ಮ ಮಾವಂದಿರು ಹೇಳ್ತಾರಲ್ಲ, ಹೀರೋನೇ ಬಂದು ಅವರ ಹತ್ರ ಟಿಕೆಟ್ ಕೊಂಡ ಹಾಗೆ.

10/
2021ರ ನವೆಂಬರ್ 5, ಹ್ಯೂಸ್ಟನ್. ಟ್ರಾವಿಸ್ ಸ್ಕಾಟ್‌ನ ಆಸ್ಟ್ರೋವರ್ಲ್ಡ್. ಸುಮಾರು 50,000 ಜನ. ಮೈದಾನ ಚಿಕ್ಕದಾಗಿರಲಿಲ್ಲ, ಸ್ಟೇಜ್ ಮುಂದಿನ ಬ್ಯಾರಿಕೇಡ್ ಹಾಕಿದ ಒಂದು ಭಾಗ ಮಾತ್ರ ಕಿಕ್ಕಿರಿದಿತ್ತು. ಹತ್ತು ಜನ ಸತ್ತರು, ಅತಿ ಚಿಕ್ಕವನಿಗೆ ಒಂಬತ್ತು ವರ್ಷ. ಕಾರಣ ಅದೇ, ಎದೆ ಅದುಮಿ ಉಸಿರು ನಿಂತಿದ್ದು. ರಾತ್ರಿ 9:38ಕ್ಕೆ ಅಧಿಕಾರಿಗಳು ಇದು ಸಾಮೂಹಿಕ ದುರಂತ ಅಂತ ಘೋಷಿಸಿದ್ರು. ಶೋ ಮತ್ತೂ ಅರ್ಧ ಗಂಟೆ ನಡೀತು.

ಸ್ಕಾಟ್ ಫ್ಯಾನ್ಸ್‌ನ ಕೆರಳಿಸೋದ್ರಲ್ಲಿ ಎತ್ತಿದ ಕೈ, ಅದು ಸುಳ್ಳಲ್ಲ. ಅದಕ್ಕೆ ಹಿಂದೆ ಎರಡು ಸಲ ಕೇಸ್ ಆಗಿ ತಪ್ಪೊಪ್ಪಿಕೊಂಡಿದ್ದಾನೆ. ಮಧ್ಯಾಹ್ನ ಗೇಟ್ ಮುರಿದು ನುಗ್ಗಿದವರೂ ಇದ್ದರು. ಆದ್ರೆ ಬ್ಯಾರಿಕೇಡ್ ಎಲ್ಲಿಡಬೇಕು, ಶೋ ನಿಲ್ಲಿಸೋ ಅಧಿಕಾರ ಯಾರ ಕೈಲಿರಬೇಕು ಅನ್ನೋದು 17 ವರ್ಷದ ಫ್ಯಾನ್ ಮಾಡೋ ತೀರ್ಮಾನ ಅಲ್ಲ. 2023ರಲ್ಲಿ ಗ್ರ್ಯಾಂಡ್ ಜ್ಯೂರಿ ಯಾರ ಮೇಲೂ ಕ್ರಿಮಿನಲ್ ಆರೋಪ ಹೊರಿಸಲಿಲ್ಲ. ಸತ್ತವರ ಮನೆಯವರ ಸಿವಿಲ್ ಕೇಸ್‌ಗಳು ರಾಜಿಯಲ್ಲಿ ಮುಗಿದವು. ಅಂದ್ರೆ ಸಿಟಿ ಕಾಲೇಜ್ ಕೇಸ್‌ನಲ್ಲಿ ಬರೆದ ಹಾಗೆ ಅರ್ಧ-ಅರ್ಧ ಲೆಕ್ಕ ಇಲ್ಲಿ ಯಾರೂ ಬರೆಯಲೇ ಇಲ್ಲ.

11/
ಹ್ಯೂಸ್ಟನ್‌ಗೂ ನಮಗೂ ಒಂದು ನಂಟಿದೆ. ಹನುಮಾನ್‌ಕೈಂಡ್ ಬೆಳೆದಿದ್ದು ಅಲ್ಲಿ, ರ್‍ಯಾಪರ್ ಆಗಿದ್ದು ಬೆಂಗಳೂರಲ್ಲಿ. 2025ರ ಅಕ್ಟೋಬರ್‌ನಲ್ಲಿ ಅದೇ ಟ್ರಾವಿಸ್ ಸ್ಕಾಟ್ ದೆಹಲಿಗೂ ಬಂದ. ಇನ್ಮೇಲೆ ಇಂಥ ಶೋಗಳು ಇಲ್ಲಿ ಹೆಚ್ಚಾಗ್ತವೆ, ನಾವೂ ಹೋಗ್ತೀವಿ.

ಅದಕ್ಕೂ ಮೊದಲು, 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಗೇಟ್‌ಗಳ ಹತ್ರ 11 ಜನ ಹೋದರು. ಅಲ್ಲಿ ರ್‍ಯಾಪ್ ಇರಲಿಲ್ಲ, ಕ್ರಿಕೆಟ್ ಕಪ್ ಇತ್ತು. ಒಳಗೆ ಹೋಗೋಕೆ ಪಾಸ್ ಬೇಕಾ, ಫ್ರೀನಾ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಆ ರಾತ್ರಿ ನಮ್ಮ ಫೀಡ್‌ನಲ್ಲಿ ಬಂದ ಕಾಮೆಂಟ್ ನೆನಪಿದೆಯಾ? "ಈ ಹುಡುಗರಿಗೆ ಬುದ್ಧಿ ಇಲ್ಲ, ಯಾಕೆ ಹೋಗಬೇಕಿತ್ತು." 1991ರ ನ್ಯೂಯಾರ್ಕ್‌ನ ಮಾತು, ಕನ್ನಡದಲ್ಲಿ.

ನೀವು ಯಾವುದಾದ್ರೂ ಶೋಗೆ ಹೋಗಿ ಗೇಟ್ ಹತ್ರ ಸಿಕ್ಕಿಹಾಕ್ಕೊಂಡಿದ್ರೆ ಕೆಳಗೆ ಬರೀರಿ: ಎಷ್ಟು ಗೇಟ್ ತೆರೆದಿತ್ತು, ಯಾರು ದಾರಿ ತೋರಿಸಿದರು, ನೀರು ಸಿಗ್ತಾ. ಆಯೋಜಕರ ಹೆಸರು ಬೇಡ, ಅನುಭವ ಸಾಕು. ಮುಂದಿನ ಸರಣಿಯಲ್ಲಿ ಬ್ರೋಧ ವಿ, ಮಚಾಸ್ ವಿತ್ ಆಟಿಟ್ಯೂಡ್ ಮತ್ತು ಬೆಂಗಳೂರಿನ ಸಣ್ಣ ಕ್ಲಬ್ ಶೋಗಳು.

#ಹಿಪ್‌ಹಾಪ್_ಕಥೆ #ಕನ್ನಡದಲ್ಲಿ_ಇತಿಹಾಸ #ಉದ್ದದ_ಕ್ಯಾಪ್ಶನ್