ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ತೀವ್ರ ಚಲನ ತರಬೇತಿ

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ದಿನಕ್ಕೆ ಹಲವು ಗಂಟೆಗಳಂತೆ ಎರಡು ಮೂರು ವಾರ ಬಿಡದೆ ಮಾಡಿಸುವ ಕೈಕಾಲುಗಳ ಅಭ್ಯಾಸಕ್ಕೆ ತೀವ್ರ ಚಲನ ತರಬೇತಿ ಎಂದು ಹೆಸರು. ಚಲನೆಯನ್ನು ಮಗುವೇ ಮಾಡಬೇಕು ಎಂಬುದು ಇದರ ಮೊದಲ ಷರತ್ತು. ಥೆರಪಿಸ್ಟ್ ಮಗುವಿನ ಕಾಲು ಹಿಡಿದು ಮಡಿಸಿ ಬಿಡಿಸುತ್ತ ಕೂತರೆ, ಎಷ್ಟು ಹೊತ್ತು ಕೂತರೂ ಅದು ಈ ಹೆಸರಿಗೆ ಸಲ್ಲದು. ತನಗೆ ಬೇಕಾದ ಕೆಲಸವೊಂದನ್ನು ಮಗು ತಾನೇ ಹೆಣಗಿ ಮಾಡಬೇಕು. ಅದು ಕೈಗೂಡುತ್ತಿದ್ದಂತೆ ಕೆಲಸ ಸ್ವಲ್ಪ ಕಠಿಣವಾಗುತ್ತ ಹೋಗಬೇಕು.

ಸ್ಥಿತಿಯ ಸ್ವರೂಪ

ಗರ್ಭದಲ್ಲಿ, ಹೆರಿಗೆಯ ವೇಳೆ ಅಥವಾ ಎಳವೆಯಲ್ಲಿ ಮಿದುಳಿಗೆ ಆದ ಹಾನಿಯಿಂದ ಬರುವ ಚಲನೆಯ ಮತ್ತು ಭಂಗಿಯ ತೊಂದರೆಯೇ ಸೆರೆಬ್ರಲ್ ಪಾಲ್ಸಿ. ಹಾನಿ ಹೆಚ್ಚುತ್ತ ಹೋಗುವುದಿಲ್ಲ. ಅದರ ಪರಿಣಾಮಗಳು ಮಗು ಬೆಳೆದಂತೆ ಬದಲಾಗುತ್ತವೆ. ಸಾವಿರ ಜನನಕ್ಕೆ 2ರಿಂದ 3 ಮಕ್ಕಳಲ್ಲಿ ಕಾಣುತ್ತದೆ ಎಂಬುದು ವಾಡಿಕೆಯ ಅಂದಾಜು. 1997ರಲ್ಲಿ ಕೆನಡಾದಲ್ಲಿ ರೂಪುಗೊಂಡ ಜಿಎಂಎಫ್‌ಸಿಎಸ್ ಎಂಬ ವರ್ಗೀಕರಣ ಈ ಮಕ್ಕಳ ಓಡಾಟದ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ಗುರುತಿಸುತ್ತದೆ. ಅದನ್ನೇ ಆಧರಿಸಿ ಅಲ್ಲಿನ 657 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಮಗು ಮುಂದೆ ತಲುಪಬಹುದಾದ ದೊಡ್ಡ ಚಲನೆಗಳ ಸಾಮರ್ಥ್ಯದಲ್ಲಿ ಬಹುಪಾಲು ಸುಮಾರು ಐದು ವರ್ಷದೊಳಗೇ, ತೀವ್ರ ಬಾಧಿತರಲ್ಲಿ ಮೂರು ವರ್ಷಕ್ಕೂ ಮೊದಲೇ ಬಂದಿರುತ್ತದೆ ಎಂಬುದು ಅದರ ಮುಖ್ಯ ಫಲಿತ. ತರಬೇತಿಯನ್ನು ಬೇಗ ಆರಂಭಿಸಬೇಕೆಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಇತಿಹಾಸ

ಈ ವಿಧಾನದ ಬೇರು ಕೋತಿಗಳ ಮೇಲಿನ ಪ್ರಯೋಗಗಳಲ್ಲಿದೆ. 1895ರಲ್ಲಿ ಇಂಗ್ಲೆಂಡಿನ ಮಾಟ್ ಮತ್ತು ಶೆರಿಂಗ್ಟನ್, ಕೋತಿಯ ಒಂದು ತೋಳಿನಿಂದ ಬೆನ್ನುಹುರಿಗೆ ಸಂವೇದನೆ ಒಯ್ಯುವ ನರಗಳನ್ನು ಕತ್ತರಿಸಿದರು. ಸ್ನಾಯುಗಳನ್ನು ಆಡಿಸುವ ನರಗಳು ಹಾಗೆಯೇ ಉಳಿದಿದ್ದರೂ ಕೋತಿ ಆ ತೋಳನ್ನು ಬಳಸುವುದನ್ನೇ ಬಿಟ್ಟಿತು. ಸಂವೇದನೆಯಿಲ್ಲದೆ ಇಚ್ಛಾಚಲನೆಯಿಲ್ಲ ಎಂಬ ತೀರ್ಮಾನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಿಂತಿತು. ಅಮೆರಿಕದ ಎಡ್ವರ್ಡ್ ಟೌಬ್ ಅದನ್ನು ಅಲುಗಿಸಿದರು. ಸರಿಯಿರುವ ತೋಳನ್ನು ಕಟ್ಟಿಹಾಕಿದಾಗ ಕೋತಿ ನಿಷ್ಕ್ರಿಯವಾಗಿದ್ದ ತೋಳಿನಿಂದಲೇ ಆಹಾರಕ್ಕೆ ಕೈಚಾಚಿತು. ಶಸ್ತ್ರಕ್ರಿಯೆಯಾದ ಹೊಸತರಲ್ಲಿ ಯತ್ನಗಳೆಲ್ಲ ವಿಫಲವಾಗುವುದರಿಂದ ಪ್ರಾಣಿ ಯತ್ನವನ್ನೇ ನಿಲ್ಲಿಸುತ್ತದೆ, ಶಕ್ತಿ ಮರಳಿದ ಮೇಲೂ ಆ ಅಭ್ಯಾಸ ಉಳಿಯುತ್ತದೆ ಎಂದು ಅವರು ವಿವರಿಸಿದರು.

ಈ ಪ್ರಯೋಗಗಳ ನೆರಳನ್ನು ಮರೆಮಾಚುವಂತಿಲ್ಲ. 1981ರ ಸೆಪ್ಟೆಂಬರ್‌ನಲ್ಲಿ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಟೌಬ್‌ರ ಪ್ರಯೋಗಾಲಯದ ಮೇಲೆ ಪೊಲೀಸರು ದಾಳಿ ನಡೆಸಿ 17 ಕೋತಿಗಳನ್ನು ವಶಪಡಿಸಿಕೊಂಡರು. ಪ್ರಾಣಿಹಿಂಸೆಯ ಮೊಕದ್ದಮೆಯಲ್ಲಿ ಕೆಳ ನ್ಯಾಯಾಲಯಗಳು ನೀಡಿದ್ದ ಶಿಕ್ಷೆಯಲ್ಲಿ ಉಳಿದಿದ್ದ ಭಾಗವೂ 1983ರಲ್ಲಿ ಮೇಲ್ಮನವಿಯಲ್ಲಿ ರದ್ದಾಯಿತು. ಅಮೆರಿಕದ ಪ್ರಾಣಿಹಕ್ಕು ಚಳವಳಿ ಬಲಗೊಂಡದ್ದು ಈ ಪ್ರಕರಣದಿಂದ. ಅದೇ ಕೋತಿಗಳ ಮಿದುಳಿನಲ್ಲಿ ತೋಳಿನ ಪ್ರದೇಶವನ್ನು ಮುಖದ ಸಂವೇದನೆ ಆಕ್ರಮಿಸಿಕೊಂಡಿದೆಯೆಂದು 1991ರಲ್ಲಿ ವರದಿಯಾಯಿತು; ಬೆಳೆದ ಮಿದುಳೂ ಮರುಹೊಂದಾಣಿಕೆ ಮಾಡಿಕೊಳ್ಳಬಲ್ಲದು ಎಂಬ ಮಾತಿಗೆ ಅದು ಬಲ ತಂದಿತು. 1993ರಲ್ಲಿ ಟೌಬ್ ತಂಡ ಪಾರ್ಶ್ವವಾಯು ಬಡಿದ ವಯಸ್ಕರ ಮೇಲಿನ ಫಲಿತಾಂಶ ಪ್ರಕಟಿಸಿತು. ಮಕ್ಕಳ ಸರದಿ ಬಂದದ್ದು 2004ರಲ್ಲಿ: ಅಲಬಾಮಾದಲ್ಲಿ 18 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಒಳ್ಳೆಯ ಕೈಗೆ ಪಟ್ಟಿ ಹಾಕಿ, ದಿನಕ್ಕೆ 6 ಗಂಟೆಯಂತೆ 21 ದಿನ ತರಬೇತಿ ಕೊಡಲಾಯಿತು.

ವಯಸ್ಕರ ಸ್ಥಿತಿಗೂ ಮಕ್ಕಳ ಸ್ಥಿತಿಗೂ ಒಂದು ವ್ಯತ್ಯಾಸವಿದೆ. ಪಾರ್ಶ್ವವಾಯು ಬಡಿದವರು ಗೊತ್ತಿದ್ದ ಕೈಬಳಕೆಯನ್ನು ಕಳೆದುಕೊಂಡವರು. ಈ ಮಕ್ಕಳಿಗೆ ಬಾಧಿತ ಕೈಯ ಬಳಕೆಯೇ ಹೊಸದು. ಬದುಕಿನ ಹೆಚ್ಚಿನ ಕೆಲಸಗಳಿಗೆ ಎರಡು ಕೈ ಬೇಕೆಂಬ ಕಾರಣಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಗಾರ್ಡನ್ ಮತ್ತು ಜೀನ್ ಚಾರ್ಲ್ಸ್, ಕೈ ಕಟ್ಟದೆ ಎರಡೂ ಕೈಗಳಿಗೆ ಅಭ್ಯಾಸ ಕೊಡುವ ಹ್ಯಾಬಿಟ್ ಕ್ರಮವನ್ನು ರೂಪಿಸಿದರು. ತರಬೇತಿಯ ಗಂಟೆ ಸಮನಾಗಿದ್ದರೆ ಎರಡು ವಿಧಾನಗಳ ಫಲದಲ್ಲಿ ಹೆಚ್ಚಿನ ಅಂತರ ಕಾಣುವುದಿಲ್ಲವೆಂದು ನಂತರದ ಹೋಲಿಕೆಗಳು ಸೂಚಿಸುತ್ತವೆ. ಬೆಲ್ಜಿಯಂನಲ್ಲಿ ಹ್ಯಾಬಿಟ್ ಕ್ರಮಕ್ಕೆ ಕಾಲಿನ ಅಭ್ಯಾಸವೂ ಸೇರಿತು.

ವಿವಾದಿತ ವಿಧಾನಗಳು

ಸೋವಿಯತ್ ಗಗನಯಾತ್ರಿಗಳ ಉಡುಪಿನಿಂದ ಬಂದ ಎಲಾಸ್ಟಿಕ್ ಸೂಟ್ ತೊಡಿಸಿ ನಡೆಸುವ ಶಿಬಿರಗಳು ದುಬಾರಿ. ಸೂಟಿನಿಂದಲೇ ಲಾಭವಾಯಿತೆನ್ನಲು ಸಾಕಷ್ಟು ಪುರಾವೆಯಿಲ್ಲ. ಆಕರಕೋಶ ಚಿಕಿತ್ಸೆಯನ್ನು ಈ ಸ್ಥಿತಿಗೆ ಅನುಮೋದಿತ ಪ್ರಯೋಗಗಳ ಹೊರಗೆ ನೀಡುವುದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಅವಕಾಶವಿಲ್ಲ. ತರಬೇತಿ ಎಷ್ಟೇ ತೀವ್ರವಾಗಿರಲಿ, ಸೊಂಟದ ಕೀಲಿನ ಎಕ್ಸ್‌ರೇ ತಪಾಸಣೆಯನ್ನು ಮುಂದೂಡಬಾರದು. ಈ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಕೀಲು ಜಾರುವ ಸಂಭವವಿದೆ.

ಕರ್ನಾಟಕದಲ್ಲಿ

ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಮತ್ತು ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಈ ಕ್ಷೇತ್ರದ ಹಳೆಯ ಸಂಸ್ಥೆಗಳು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆದು, ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆಯಿದೆ. ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ.

ಮಲೆನಾಡಿನ ಪರಿಸ್ಥಿತಿ

ಸಕಲೇಶಪುರ, ಆಲೂರು ಸೀಮೆಯ ಹಳ್ಳಿಗಳಿಗೆ ಕೇಂದ್ರವೆಂದರೆ ಹಾಸನ. ಶಿರಾಡಿ ಘಾಟಿಯ ಮೇಲಿನ ಮಾರನಹಳ್ಳಿಯಿಂದ ಅದು ಐವತ್ತು ಕಿ.ಮೀ.ಗೂ ದೂರ. 2018ರ ಆಗಸ್ಟ್ ಮತ್ತು 2024ರ ಜುಲೈನಲ್ಲಿ ಆದಂತೆ ಮಳೆಗಾಲದಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗುವುದುಂಟು. ಕೇಂದ್ರಕ್ಕೆ ದಿನವೂ ಬಂದುಹೋಗಬೇಕಾದ ತರಬೇತಿಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನೆಚ್ಚುವಂತಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ತೋಟದ ಕಾರ್ಮಿಕರ ಲೈನ್ ಮನೆಗಳ ತಾಯಂದಿರು ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿ ಹೋಯಿತು. ಉಳಿದ ತಿಂಗಳುಗಳಲ್ಲಿ ಅನುಕೂಲವಾದವು ಏಪ್ರಿಲ್–ಮೇ. ಶಾಲೆಗೂ ಆಗ ರಜೆ. ಹೊರದೇಶಗಳಲ್ಲಿ ಈ ತರಬೇತಿ ಬೇಸಿಗೆ ಶಿಬಿರದ ರೂಪದಲ್ಲಿ ನಡೆದುಬಂದಿರುವುದರಿಂದ ಎರಡು ಮೂರು ವಾರದ ಶಿಬಿರಕ್ಕೆ ಈ ಕಾಲವೇ ಸೂಕ್ತವೆನ್ನಬಹುದು.

ವರ್ಷದ ಉಳಿದ ಭಾಗಕ್ಕೆ ಮನೆಯೇ ಗತಿ. ಆಸ್ಟ್ರೇಲಿಯಾದಲ್ಲಿ 36 ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತಿಂಗಳಿಗೆ ಸರಾಸರಿ 17 ಸಲ, ಸಲಕ್ಕೆ ಕಾಲು ಗಂಟೆಯಷ್ಟು ಮನೆಯಲ್ಲಿ ಮಾಡಿಸಿದ ಅಭ್ಯಾಸದಿಂದಲೂ ಎಂಟು ವಾರದಲ್ಲಿ ಸುಧಾರಣೆ ಕಂಡಿತು. ಗುರಿಯನ್ನು ಕುಟುಂಬವೇ ಆರಿಸಿಕೊಳ್ಳಬೇಕೆಂಬುದು ಅಲ್ಲಿನ ನಿಯಮ. ಮಲೆನಾಡಿನ ಮನೆಯಲ್ಲಿ ಎರಡು ಕೈಯ ಕೆಲಸಕ್ಕೆ ಬರವಿಲ್ಲ: ಕಿತ್ತಳೆ ಸುಲಿಯುವುದು, ಅವರೆಕಾಯಿ ಬಿಡಿಸುವುದು, ಕಡುಬಿನ ಹಿಟ್ಟನ್ನು ಉಂಡೆ ಕಟ್ಟುವುದು, ಒದ್ದೆ ಬಟ್ಟೆ ಹಿಂಡುವುದು. ಸುಲಿದ ಹಣ್ಣನ್ನು ಮಗು ತಾನೇ ತಿನ್ನುತ್ತದೆಯಾದ್ದರಿಂದ ಹೊಗಳಿ ಹುರಿದುಂಬಿಸಬೇಕಾದ ಅಗತ್ಯವೂ ಕಡಿಮೆ. ಒಳ್ಳೆಯ ಕೈಗೆ ಚೀಲ ಕಟ್ಟಿ ಮಾಡಿಸುವುದಾದರೆ ಮಾತ್ರ ಥೆರಪಿಸ್ಟ್‌ರ ಸಲಹೆ ಬೇಕು. ಕಟ್ಟಿದ ಕೈಯಲ್ಲಿ ಬಿದ್ದರೆ ಮಗು ಊರಿಕೊಳ್ಳಲಾರದು.

ನೆರವು

1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಬರುವ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ವೆಚ್ಚ ಭರಿಸುತ್ತದೆ. ಇದರಲ್ಲಿ ಥೆರಪಿಗೂ ಒಂದು ಪಾಲಿದೆ. ನೋಂದಣಿಗೆ ಅಂಗವೈಕಲ್ಯ ಪ್ರಮಾಣಪತ್ರ ಬೇಕು.