ಬಣ್ಣದ ಬನಿಯನ್ ಮತ್ತು ನೊಯ್ಯಲ್ ನದಿ

ಒಂದು ಹತ್ತಿ ಬನಿಯನ್ ಅಂಗಡಿಯ ಕಪಾಟು ಸೇರುವ ಮೊದಲು ಎಷ್ಟು ಕೈಗಳನ್ನು ದಾಟುತ್ತದೆ? ನೂಲಿನ ಗಿರಣಿ, ಹೆಣಿಗೆ ಯಂತ್ರ, ಬ್ಲೀಚಿಂಗ್ ತೊಟ್ಟಿ, ಡೈಯಿಂಗ್ ಘಟಕ, ಹೊಲಿಗೆ, ಇಸ್ತ್ರಿ, ಪ್ಯಾಕಿಂಗ್. ತಮಿಳುನಾಡಿನ ತಿರುಪ್ಪೂರಿನಂಥ ಊರಿನಲ್ಲಿ ಇವುಗಳಲ್ಲಿ ಬಹುಪಾಲು ಕೆಲಸಗಳಿಗೆ ಬೇರೆ ಬೇರೆ ಮಾಲೀಕರಿದ್ದಾರೆ. ಒಬ್ಬರು ಇನ್ನೊಬ್ಬರಿಗೆ ಜಾಬ್‌ವರ್ಕ್ ಮಾಡಿಕೊಡುತ್ತಾರೆ. ಲೇಬಲ್ಲಿನ ಮೇಲೆ ಮಾತ್ರ ಯುರೋಪಿನದೋ ಅಮೆರಿಕದ್ದೋ ಕಂಪನಿಯೊಂದರ ಹೆಸರಿರುತ್ತದೆ. ಹಾಗಾದರೆ ಆ ಬನಿಯನ್ ನೀರನ್ನು ಕೆಡಿಸಿದರೆ ಹೊಣೆ ಯಾರದು? ಈ ಪ್ರಶ್ನೆಗೆ ಉತ್ತರ ಹುಡುಕಲು ಬಟ್ಟೆ ಉದ್ಯಮಕ್ಕೆ ಹಲವು ದಶಕಗಳೇ ಬೇಕಾದವು.

ಕಥೆ ಶುರುವಾಗುವುದು ಪ್ರಯೋಗಾಲಯದಲ್ಲಿ. 1856ರಲ್ಲಿ ಲಂಡನ್ನಿನ 18 ವರ್ಷದ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣವೊಂದನ್ನು ಕಂಡುಹಿಡಿದ. ಎರಡು ವರ್ಷಗಳ ನಂತರ ಪೀಟರ್ ಗ್ರೀಸ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ಡೈಅಝೋ ಸಂಯುಕ್ತಗಳನ್ನು ಪತ್ತೆ ಮಾಡಿದ. 'ಅಝೋ' ಎಂಬ ದೊಡ್ಡ ಬಣ್ಣಗಳ ಕುಟುಂಬಕ್ಕೆ ಇದೇ ಬುನಾದಿ. 1884ರಲ್ಲಿ ಬಂದ 'ಕಾಂಗೋ ರೆಡ್' ಬಣ್ಣವಂತೂ ಕ್ರಾಂತಿಯನ್ನೇ ಮಾಡಿತು. ಅದುವರೆಗೆ ಹತ್ತಿ ಬಟ್ಟೆಗೆ ಬಣ್ಣ ಹಿಡಿಸಲು ಮೊದಲು ಪಟಿಕದಂಥ ಉಪ್ಪಿನ ದ್ರಾವಣದಲ್ಲಿ ಅದ್ದಬೇಕಿತ್ತು. ಕಾಂಗೋ ರೆಡ್ ಅದ್ಯಾವುದನ್ನೂ ಕೇಳಲಿಲ್ಲ, ನೇರವಾಗಿ ಹಿಡಿಯಿತು. ಆದರೆ ಅದನ್ನು ತಯಾರಿಸಿದ್ದು ಬೆಂಜಿಡಿನ್ ಎಂಬ ಅಮೈನ್‌ನಿಂದ.

ಅಪಾಯ ಮೊದಲು ಕಂಡದ್ದು ಬಟ್ಟೆ ತೊಟ್ಟವರಲ್ಲಲ್ಲ, ಬಣ್ಣ ತಯಾರಿಸಿದ ಕಾರ್ಮಿಕರಲ್ಲಿ. ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲಿ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿರುವುದನ್ನು ವರದಿ ಮಾಡಿದ್ದರು. ಬೆಂಜಿಡಿನ್ ಕ್ಯಾನ್ಸರ್ ತರುತ್ತದೆಂಬುದು ಕಾಲಕ್ರಮದಲ್ಲಿ ಖಚಿತವಾಯಿತು. ಆದರೂ ಅದರಿಂದ ಮಾಡಿದ ಬಣ್ಣಗಳ ಬಳಕೆ ಹಲವು ದೇಶಗಳಲ್ಲಿ ಬಹಳ ಕಾಲ ಮುಂದುವರಿಯಿತು. ಅಗ್ಗದ ಮಾಲಿಗೆ ಗಿರಾಕಿ ಎಂದೂ ತಪ್ಪುವುದಿಲ್ಲವಲ್ಲ!

1994ರ ಜುಲೈನಲ್ಲಿ ಜರ್ಮನಿ ಕಡಿವಾಣ ಹಾಕಿತು. ಒಡೆದಾಗ 20 ಬಗೆಯ ಹಾನಿಕರ ಅಮೈನ್‌ಗಳನ್ನು ಹೊರಬಿಡುವ ಅಝೋ ಬಣ್ಣಗಳು ಚರ್ಮಕ್ಕೆ ದೀರ್ಘಕಾಲ ತಾಗುವ ವಸ್ತುಗಳಲ್ಲಿ ಇರಕೂಡದೆಂದು ಅಲ್ಲಿನ ಸರ್ಕಾರ ನಿಯಮ ಮಾಡಿತು. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. 'ಅಝೋ ರಹಿತ' ಎಂಬ ಚೀಟಿ ಅಂಟಿಸಿದ ಬಟ್ಟೆಗಳು ಪೇಟೆಯಲ್ಲಿ ಸಿಗುತ್ತವೆ. ನಿಷೇಧವಾದದ್ದು ಎಲ್ಲ ಅಝೋ ಬಣ್ಣಗಳಲ್ಲ. ಪಟ್ಟಿಯಲ್ಲಿನ ಅಮೈನ್‌ಗಳನ್ನು ಬಿಡುವಂಥವು ಮಾತ್ರ. ಉಳಿದ ಅಝೋ ಬಣ್ಣಗಳು ಇಂದಿಗೂ ಧಾರಾಳವಾಗಿ ಬಳಕೆಯಲ್ಲಿವೆ.

ಜರ್ಮನಿಯ ಕಾನೂನು ಭಾರತದ ಕಾರ್ಖಾನೆಗೆ ಹೇಗೆ ಅನ್ವಯವಾದೀತು? ಅನ್ವಯವಾಗಲಿಲ್ಲ, ಆದರೆ ತಲುಪಿತು. ಜರ್ಮನ್ ಖರೀದಿದಾರ ರಫ್ತುದಾರನಿಂದ ಪ್ರಮಾಣಪತ್ರ ಕೇಳಿದ. ರಫ್ತುದಾರ ಡೈಯಿಂಗ್ ಘಟಕವನ್ನು ಕೇಳಿದ. ಘಟಕದವನು ಬಣ್ಣದ ವ್ಯಾಪಾರಿಯ ಬಳಿ ಹೋದ. ವ್ಯಾಪಾರಿ ಗುಜರಾತಿನ, ಮಹಾರಾಷ್ಟ್ರದ ತಯಾರಕರ ಬಾಗಿಲು ಬಡಿದ. ಪುಡಿಯ ಡಬ್ಬಿಯಲ್ಲಿ ಏನಿದೆಯೆಂದು ಅದುವರೆಗೆ ಯಾರೂ ಯಾರನ್ನೂ ಇಷ್ಟು ಕಟ್ಟುನಿಟ್ಟಾಗಿ ವಿಚಾರಿಸಿರಲಿಲ್ಲ. ಕೇಂದ್ರ ಸರ್ಕಾರವೂ 1993ರಲ್ಲಿ 42 ಬೆಂಜಿಡಿನ್ ಬಣ್ಣಗಳನ್ನು, 1997ರಲ್ಲಿ ಇನ್ನೂ 70 ಅಝೋ ಬಣ್ಣಗಳನ್ನು ನಿಷೇಧಿಸಿತು. 2002ರಲ್ಲಿ ಯುರೋಪಿಯನ್ ಒಕ್ಕೂಟ ಇದೇ ನಿಯಮವನ್ನು ತನ್ನೆಲ್ಲ ಸದಸ್ಯ ದೇಶಗಳಿಗೆ ವಿಸ್ತರಿಸಿ, ಕಿಲೋ ಬಟ್ಟೆಗೆ 30 ಮಿಲಿಗ್ರಾಂ ಮಿತಿ ಹಾಕಿತು.

ಪೂರೈಕೆದಾರರನ್ನು ಬದಲಾಯಿಸಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನವೇ ಸರಿ. ಆದರೆ ಈ ಪಟ್ಟಿ ಕಾಪಾಡಿದ್ದು ಯಾರನ್ನು? ಮುಖ್ಯವಾಗಿ ಬಟ್ಟೆ ತೊಡುವವರ ಚರ್ಮವನ್ನು. ಬಣ್ಣ ತಯಾರಿಸುವ, ಹಾಕುವ ಕಾರ್ಮಿಕರಿಗೂ ಸ್ವಲ್ಪ ರಕ್ಷಣೆ ಸಿಕ್ಕಿತು. ಡೈಯಿಂಗ್ ಘಟಕದ ಹಿಂಬಾಗಿಲಿನಿಂದ ಹರಿಯುವ ನೀರಿನ ಬಗ್ಗೆ ಪಟ್ಟಿಯಲ್ಲಿ ಒಂದಕ್ಷರವೂ ಇರಲಿಲ್ಲ.

ಆ ನೀರಿನಲ್ಲಿದ್ದದ್ದು ಉಪ್ಪು. ಹತ್ತಿಗೆ ಗಾಢ, ಮಾಸದ ಬಣ್ಣ ಕೊಡುವ 'ರಿಯಾಕ್ಟಿವ್' ಬಣ್ಣಗಳು 1956ರಲ್ಲಿ ಮಾರುಕಟ್ಟೆಗೆ ಬಂದವು. ಇವು ನೂಲಿನ ಕಡೆಗೆ ಸರಿಯಬೇಕಾದರೆ ತೊಟ್ಟಿಗೆ ಉಪ್ಪು ಸುರಿಯಬೇಕು. ಕಪ್ಪು, ಕಡುನೀಲಿಯಂಥ ಬಣ್ಣಗಳಿಗೆ ಲೀಟರ್ ನೀರಿಗೆ 50ರಿಂದ 80 ಗ್ರಾಂ ಉಪ್ಪು ಹಾಕುವುದುಂಟು. ಸಮುದ್ರದ ನೀರಿನಲ್ಲಿ ಇರುವುದೇ ಲೀಟರಿಗೆ ಸುಮಾರು 35 ಗ್ರಾಂ! ಬಣ್ಣದ ಬಹುಪಾಲು ಬಟ್ಟೆಗೆ ಅಂಟುತ್ತದೆ, ಉಪ್ಪು ಅಂಟುವುದಿಲ್ಲ. ಹಾಕಿದ್ದೆಲ್ಲ ಚರಂಡಿಗೇ. ಸಾಮಾನ್ಯ ಶುದ್ಧೀಕರಣ ಘಟಕ ಬಣ್ಣವನ್ನು, ಕೊಳೆಯನ್ನು ತೆಗೆಯಬಲ್ಲದು; ಕರಗಿದ ಉಪ್ಪನ್ನು ತೆಗೆಯಲಾರದು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ 1990ರ ದಶಕದಲ್ಲೇ ಕಡಿಮೆ ಉಪ್ಪು ಸಾಕಾಗುವ ಬಣ್ಣಗಳನ್ನು ತಂದಿತ್ತು. ಆದರೆ ಉಪ್ಪುನೀರನ್ನು ಪುಕ್ಕಟೆಯಾಗಿ ನದಿಗೆ ಬಿಡಲು ಸಾಧ್ಯವಿರುವವನು ಹೆಚ್ಚು ಬೆಲೆಯ ಬಣ್ಣವನ್ನು ಯಾಕಾದರೂ ಕೊಂಡಾನು?

ತಿರುಪ್ಪೂರಿನ ನಡುವೆ ಹರಿಯುವ ನೊಯ್ಯಲ್, ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಂಗಿರಿ ಬೆಟ್ಟಗಳಲ್ಲಿ ಹುಟ್ಟಿ ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಕೊಡಗಿನಿಂದ ಹೊರಟ ನಮ್ಮ ಕಾವೇರಿಗೆ ತಿರುಪ್ಪೂರಿನ ಉಪ್ಪು ಸೇರುತ್ತಿದ್ದದ್ದು ಹೀಗೆ. ತಿರುಪ್ಪೂರಿನ ಕೆಳಗೆ ಒರತ್ತುಪಾಳಯಂ ಎಂಬಲ್ಲಿ ನೀರಾವರಿಗೆಂದೇ ಕಟ್ಟಿದ ಅಣೆಕಟ್ಟು 1992ರಲ್ಲಿ ಸಿದ್ಧವಾಯಿತು. ಕೆಲವೇ ವರ್ಷಗಳಲ್ಲಿ ಅದು ಡೈಯಿಂಗ್ ಘಟಕಗಳ ತ್ಯಾಜ್ಯ ನೀರಿನ ಕೆರೆಯಾಯಿತು. ನೀರಿಗಾಗಿ ಕಾದಿದ್ದ ರೈತರೇ ಅದನ್ನು ಹೊಲಕ್ಕೆ ಬಿಡಬೇಡಿರೆಂದು ಬೇಡುವ ಸ್ಥಿತಿ ಬಂತು. ಸುತ್ತಲಿನ ಬಾವಿಗಳೂ ಉಪ್ಪಾದವು. ಅತ್ತ ತಿರುಪ್ಪೂರಿನ ರಫ್ತು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು. ಆ ಬಟ್ಟೆಗಳು ಜರ್ಮನಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿದ್ದವು ಎಂಬುದೇ ಇಲ್ಲಿನ ವಿಪರ್ಯಾಸ.

ರೈತರು ನ್ಯಾಯಾಲಯದ ಮೆಟ್ಟಿಲೇರಿದರು. 2006ರಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳಿಗೆ ಗಡುವು ವಿಧಿಸಿತು. 2009ರಲ್ಲಿ ಪ್ರಕರಣ ಸುಪ್ರೀಂ ಕೋರ್ಟಿನಲ್ಲೂ ರೈತರ ಪರವಾಯಿತು. ಆದರೂ ಕೊಳಕು ನಿಲ್ಲಲಿಲ್ಲ. ಕೊನೆಗೆ 2011ರ ಜನವರಿಯಲ್ಲಿ ಹೈಕೋರ್ಟ್ ತಿರುಪ್ಪೂರಿನ ಎಲ್ಲ ಡೈಯಿಂಗ್, ಬ್ಲೀಚಿಂಗ್ ಘಟಕಗಳನ್ನು ಮುಚ್ಚಿಸಿತು. ಏಳುನೂರಕ್ಕೂ ಹೆಚ್ಚು ಘಟಕಗಳು ಬಾಗಿಲು ಹಾಕಿದವು. ಕಾರ್ಮಿಕರು ಊರು ಬಿಟ್ಟರು. ಒಂದು ಹನಿ ತ್ಯಾಜ್ಯವನ್ನೂ ಹೊರಬಿಡದವರಿಗೆ ಮಾತ್ರ ಮತ್ತೆ ತೆರೆಯಲು ಅನುಮತಿ ಎಂಬುದು ಷರತ್ತು.

ಕಾಕತಾಳೀಯವೋ ಏನೋ, ಅದೇ 2011ರಲ್ಲಿ ಖರೀದಿದಾರರ ಕಡೆಯೂ ಅಲುಗಾಡಿತು. ಚೀನಾದ ನದಿಗಳಿಗೆ ಬಟ್ಟೆ ಕಾರ್ಖಾನೆಗಳು ಬಿಡುವ ವಿಷದ ಬಗ್ಗೆ ಗ್ರೀನ್‌ಪೀಸ್ ಸಂಘಟನೆ ಆ ಜುಲೈನಲ್ಲಿ ವರದಿ ಹೊರತಂದಿತು. ನೈಕಿ, ಅಡಿಡಾಸ್, ಪೂಮಾ, ಎಚ್ ಅಂಡ್ ಎಂ ಮೊದಲಾದ ಕಂಪನಿಗಳು ಒಂದಾಗಿ, ಅಪಾಯಕಾರಿ ರಾಸಾಯನಿಕಗಳ ವಿಸರ್ಜನೆಯನ್ನು ಸೊನ್ನೆಗೆ ಇಳಿಸುವ ಕಾರ್ಯಕ್ರಮ ಘೋಷಿಸಿದವು. 2014ರಲ್ಲಿ ಬಂದ ಅವರ ಹೊಸ ಪಟ್ಟಿಗೂ ಹಳೆಯ ಪಟ್ಟಿಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹಳೆಯವು ಸಿದ್ಧ ಉಡುಪಿನಲ್ಲಿ ಏನು ಉಳಿದಿರಬಾರದು ಎಂದಷ್ಟೇ ಹೇಳುತ್ತಿದ್ದವು. ಹೊಸದು ಕಾರ್ಖಾನೆಯೊಳಕ್ಕೆ ಏನು ಬರಬಾರದು ಎನ್ನುತ್ತದೆ. ಒಳಗೇ ಬಾರದಿದ್ದರೆ ಚರಂಡಿಗೂ ಇಲ್ಲ. ಆದರೆ ಇದೂ ವಿಷದ ಪಟ್ಟಿಯೇ. ಅಡುಗೆಮನೆಯ ಉಪ್ಪನ್ನು ಯಾವ ಪಟ್ಟಿ ತಾನೆ ವಿಷವೆಂದೀತು?

ಉಪ್ಪಿನ ಸಮಸ್ಯೆಯನ್ನು ತಿರುಪ್ಪೂರು ತಾನೇ ಬಿಡಿಸಿಕೊಳ್ಳಬೇಕಾಯಿತು. ಘಟಕಗಳು ಗುಂಪು ಕಟ್ಟಿ ಸಾಮೂಹಿಕ ಶುದ್ಧೀಕರಣ ಸ್ಥಾವರಗಳನ್ನು ನಡೆಸುತ್ತವೆ. ರಿವರ್ಸ್ ಆಸ್ಮೋಸಿಸ್‌ನಿಂದ ನೀರನ್ನು ಬೇರ್ಪಡಿಸಿ ಮತ್ತೆ ತೊಟ್ಟಿಗೆ ಹಾಕುತ್ತಾರೆ. ಉಳಿದ ಉಪ್ಪುನೀರನ್ನು ಕುದಿಸಿ ಆವಿ ಮಾಡಿ ಉಪ್ಪನ್ನು ತೆಗೆಯುತ್ತಾರೆ; ಕೆಲವೆಡೆ ಉಪ್ಪುನೀರನ್ನೇ ನೇರವಾಗಿ ಮರುಬಳಸುತ್ತಾರೆ. ಇದಕ್ಕೆಲ್ಲ ವಿದ್ಯುತ್ತು, ಉರುವಲು ವಿಪರೀತ ಬೇಕು. ಆ ಖರ್ಚು ಬನಿಯನ್ನಿನ ಬೆಲೆಯಲ್ಲಿ ಸೇರಬೇಕೆಂದು ತಿರುಪ್ಪೂರಿನವರು ಕೇಳುತ್ತಾರೆ. ಖರೀದಿದಾರರು ಅಗ್ಗದ ಇನ್ನೊಂದು ದೇಶದ ದರಪಟ್ಟಿ ತೋರಿಸುತ್ತಾರೆ. ಸ್ಥಾವರಗಳಲ್ಲಿ ಉಳಿಯುವ ಕೆಸರಿನ ಒಂದು ಭಾಗ ಸಿಮೆಂಟ್ ಕಾರ್ಖಾನೆಗಳ ಗೂಡು ಸೇರುತ್ತದೆ. ಬೇರ್ಪಡಿಸಲಾಗದೆ ಉಳಿದ ಮಿಶ್ರ ಉಪ್ಪು ಚೀಲಗಳಲ್ಲಿ ತುಂಬಿ ಷೆಡ್ಡುಗಳಲ್ಲಿ ಕೂತಿದೆ.