ಭಾಲ್ಕಿಯ ಕೋಟೆ, ರೈತನ ಕೌಲು

ಬೀದರ್ ಜಿಲ್ಲೆಯ ವಿಸ್ತೀರ್ಣ 5,448 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಜನಸಂಖ್ಯೆ 17 ಲಕ್ಷ ದಾಟಿತ್ತು. ಅಂಕಿ-ಅಂಶ ಇಷ್ಟು ಸಾಕು. ಬೀದರ್ ಅಂದರೆ ಕೋಟೆ, ಬಿದ್ರಿ, ಗವಾನನ ಮದರಸಾ ಎಂದು ಬರೆದು ಮುಗಿಸುವವರೇ ಹೆಚ್ಚು. ನೆಲ ಯಾರದಿತ್ತು, ಉತ್ತವನು ಯಾರಿಗೆ ಎಷ್ಟು ಅಳೆದುಕೊಟ್ಟ ಎಂಬುದನ್ನು ಕೇಳಿದವರು ಕಡಿಮೆ. ಬಹಮನಿ ಸುಲ್ತಾನನ ಮಂತ್ರಿ ಗವಾನನ ತಲೆ ಹೋದದ್ದರ ಹಿಂದೆಯೂ ಈ ನೆಲದ ಲೆಕ್ಕವಿತ್ತು. ರಾಜ್ಯದ ನಾಲ್ಕು ತರಫುಗಳನ್ನು (ಪ್ರಾಂತಗಳನ್ನು) ಒಡೆದು ಎಂಟು ಮಾಡಿದ, ಒಂದಷ್ಟು ಊರುಗಳನ್ನು ನೇರ ಸುಲ್ತಾನನ ಖಾಸಾಕ್ಕೆ ಸೇರಿಸಿದ, ಭೂಮಿ ಅಳೆಯಿಸಿದ. ಹಿಡಿತ ಕಳೆದುಕೊಂಡ ಸರದಾರರು ಖೋಟಾ ಪತ್ರ ಹುಟ್ಟಿಸಿದರು. ಆ ಪತ್ರದ ನೆಪದಲ್ಲೇ 1481ರಲ್ಲಿ ಅವನ ಕೊಲೆಯಾಯಿತು.

ಇದೇ ಜಿಲ್ಲೆಯ ಭಾಲ್ಕಿಯ ಕಥೆ ಶುರುವಾಗುವುದು ಒಂದು ಜಿಂಕೆಯಿಂದ. ಮರಾಠಾ ಸೇನಾಪತಿ ಧನಾಜಿ ಜಾಧವನ ಮಗ ಚಂದ್ರಸೇನನಿಗೂ ಮುಂದೆ ಪೇಶ್ವೆಯಾದ ಬಾಳಾಜಿ ವಿಶ್ವನಾಥನಿಗೂ ಬೇಟೆಯ ಜಿಂಕೆಯೊಂದರ ನೆಪದಲ್ಲಿ ಜಗಳವಾಯಿತೆಂದು ಮರಾಠರ ಇತಿಹಾಸ ಬರೆದವರು ಹೇಳುತ್ತಾರೆ. ಮುನಿದ ಚಂದ್ರಸೇನ ನಿಜಾಮನ ಕಡೆ ಸೇರಿದ. ಸೈನ್ಯ ಸಾಕಲು ಭಾಲ್ಕಿ ಸೀಮೆ ಜಹಗೀರಾಗಿ ಸಿಕ್ಕಿತು. ಊರ ನಡುವಿನ ಕೋಟೆಯನ್ನು ರಾಮಚಂದ್ರ ಜಾಧವ, ಧನಾಜಿ ಜಾಧವರು 1820ರಿಂದ 1850ರ ನಡುವೆ ಕಟ್ಟಿಸಿದರು ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಸೇನಾಪತಿ ಧನಾಜಿ ತೀರಿಕೊಂಡದ್ದು 1708ರ ಸುಮಾರಿಗೆ. ಚಂದ್ರಸೇನನ ಮಗ ರಾಮಚಂದ್ರ 1757ರಲ್ಲಿ ಸಿಂದಖೇಡದಲ್ಲಿ ಪೇಶ್ವೆಯ ಸೈನ್ಯದ ಮುತ್ತಿಗೆಗೆ ಸಿಕ್ಕವನು. ಹಾಗಾದರೆ ಕೋಟೆ ಕಟ್ಟಿಸಿದವರು ಅಜ್ಜಂದಿರ ಹೆಸರಿಟ್ಟುಕೊಂಡ ಮೊಮ್ಮಕ್ಕಳಿರಬೇಕು, ಇಲ್ಲವೇ ಇಸವಿಯೇ ತಪ್ಪಿರಬೇಕು. ಮನೆತನಗಳಲ್ಲಿ ಹಿರಿಯರ ಹೆಸರಿಡುವ ರೂಢಿ ಇದ್ದೇ ಇದೆ. ನನ್ನ ಮತ ಮೊದಲನೆಯದಕ್ಕೆ.

ಕೋಟೆ ಕಟ್ಟಿಸಿದವರ ಹೆಸರಾದರೂ ಉಳಿಯಿತು. ಅದಕ್ಕೆ ಜೋಳ, ತೊಗರಿ ಕೊಟ್ಟವರದ್ದು? ಆಗ ಕಂದಾಯದ ವಸೂಲಿಯನ್ನು ಇಜಾರಾ ಕೊಡುತ್ತಿದ್ದರು. ಮುಂಗಡ ಕಟ್ಟಿದವನೇ ಇಜಾರದಾರ. ಕಟ್ಟಿದ್ದರ ಮೇಲೆ ಎಷ್ಟು ಹಿಂಡಿದರೆ ಅಷ್ಟು ಅವನಿಗೆ. ಹೈದರಾಬಾದಿನ ದಿವಾನ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ (ಜಿಲ್ಲಾವಾರು ಆಡಳಿತ) ತಂದು ಸರ್ಕಾರಿ ಊರುಗಳಲ್ಲಿ ಇದನ್ನು ನಿಲ್ಲಿಸಿದ. ಸಂಸ್ಥಾನದ ಮೂರನೇ ಒಂದು ಭಾಗದಷ್ಟಿದ್ದ ಜಹಗೀರುಗಳಲ್ಲಿ ಮಾತ್ರ ಜಹಗೀರದಾರನ ಮಾತೇ ಕಾಯ್ದೆ. ಚಿಟಗುಪ್ಪದಂಥ ಪಾಯಗಾಗಳಲ್ಲಿ (ದೊಡ್ಡ ಸರದಾರರ ಜಹಗೀರುಗಳಲ್ಲಿ) ಕಚೇರಿಯೂ ಅವರದೇ. ಹೊಲವನ್ನು ಯುಗಾದಿಯಿಂದ ಯುಗಾದಿಗೆ ಲಾವಣಿಗೋ (ಗೇಣಿಗೋ) ಪಾಲಿಗೋ ಕೊಟ್ಟು, ಮರುವರ್ಷ ಬೇರೆಯವನಿಗೆ ದಾಟಿಸಿದರೆ ಯಾರಿಗೂ ಹಕ್ಕು ಹುಟ್ಟುತ್ತಿರಲಿಲ್ಲ. ಐರ್ಲೆಂಡಿನ ಗೇಣಿದಾರರು ಜಮೀನ್ದಾರರ ಜತೆ ಬಡಿದಾಡಿ 1881ರಲ್ಲೇ ಕಾಯ್ದೆ ಪಡೆದಿದ್ದರು. ನಮಗೆ ಜಹಗೀರು ರದ್ದಾದದ್ದು 1949ರ ಆಗಸ್ಟ್ 15ಕ್ಕೆ, ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ. ಜಹಗೀರದಾರರಿಗೆ ಪರಿಹಾರ ನಿಗದಿಯಾಯಿತು. 1950ರ ಹೈದರಾಬಾದ್ ಗೇಣಿ ಕಾಯ್ದೆಯಲ್ಲಿ ‘ರಕ್ಷಿತ ಗೇಣಿದಾರ’ ಅನ್ನಿಸಿಕೊಳ್ಳಲು ರೈತ ಆರು ವರ್ಷದ ಸಾಗುವಳಿ ತೋರಿಸಬೇಕಿತ್ತು. ವರ್ಷವರ್ಷವೂ ಹೊಲ ಬದಲಿಸಿದವನು ಎಲ್ಲಿಂದ ತೋರಿಸಿಯಾನು? 1954-55ರ ಖಾಸ್ರಾ ಪಹಣಿಯಲ್ಲಿ (ಸಾಗುವಳಿ ದಾಖಲೆಯಲ್ಲಿ) ಹೆಸರು ಬಿದ್ದವನು ಬದುಕಿದ. ಉಳಿದವರು 1974ರ ಭೂಸುಧಾರಣೆ ತಿದ್ದುಪಡಿ ಬಂದು ಹಕ್ಕಿಗಾಗಿ ಏಳನೇ ನಮೂನೆಯ ಅರ್ಜಿ ತುಂಬುವವರೆಗೆ ಕಾದರು.

ಇದೇ ಜಿಲ್ಲೆಯ ಔರಾದಿನ ಬಗ್ಗೆಯಂತೂ ಬರೆದವರೇ ಕಡಿಮೆ. ಅಮರೇಶ್ವರ ಗುಡಿ ಇದೆ, ಮಾಂಜ್ರಾ ನದಿ ಇದೆ. 1956ರಲ್ಲಿ ಉದಗೀರ, ನೀಲಂಗಾ, ಅಹ್ಮದಪುರ ಮುಂಬೈ ರಾಜ್ಯಕ್ಕೆ ಹೋದ ಮೇಲೆ ಗಡಿ ತಾಲ್ಲೂಕೆಂಬ ಹಣೆಪಟ್ಟಿ ಅಂಟಿತು. ಬೆಂಗಳೂರಿನ ಭೂಪಟದಲ್ಲಿ ನಾವು ಇಂದಿಗೂ ತುದಿಯ ಚುಕ್ಕೆ.

ರೈತನಿಗೆ ಸಾಗುವಳಿಗೆಂದು ಬರೆದುಕೊಟ್ಟ ಹಳೆಯ ಕೌಲು ಪತ್ರಗಳು (ಕರಾರು ಪತ್ರಗಳು) ಮನೆಗಳ ಟ್ರಂಕಿನಲ್ಲಿ ಇನ್ನೂ ಇವೆ. ಮೇಲೆ ಮೊಹರು, ಉರ್ದು ಇಲ್ಲವೇ ಮರಾಠಿಯ ಮೋಡಿ ಲಿಪಿ, ಹಣ ನಿಜಾಮನ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ, ವರ್ಷ ಕಂದಾಯದ ಫಸಲಿ ಲೆಕ್ಕದಲ್ಲಿ. 1354 ಎಂದಿದ್ದರೆ 590 ಕೂಡಿಸಿ: 1944ರ ಅಕ್ಟೋಬರಿನಿಂದ ಶುರುವಾದ ಸಾಲು. ಮೋಡಿ ಓದಬಲ್ಲ ಹಿರಿಯರು ಊರಿಗೊಬ್ಬರೂ ಸಿಗುವುದಿಲ್ಲ. ಭಾಲ್ಕಿ, ಔರಾದ ಕಡೆಯವರಲ್ಲಿ ನನ್ನ ವಿನಂತಿ ಇಷ್ಟೇ: ಮನೆ ಕೆಡವಿ ಹೊಸದು ಕಟ್ಟುವಾಗ ಆ ಕಾಗದಗಳನ್ನು ರದ್ದಿಗೆ ಹಾಕಬೇಡಿ, ಓದಬಲ್ಲವರಿಂದ ಈಗಲೇ ಓದಿಸಿ, ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ.